ಖಾಲಿ ಕುರ್ಚಿಗಳ ಗಣರಾಜ್ಯ

(ಚನ್ನಗಿರಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪ್ರಾಚೀನ ರೋಮಿನ ಗಣರಾಜ್ಯವು ಸಾಮ್ರಾಜ್ಯವಾಗಿ ಮಾರ್ಪಟ್ಟ ಬಗೆಯನ್ನು ಕುರಿತು ನಾನು ಮಾತನಾಡಬೇಕಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದಿರುವ ನಮಗೆ ಎರಡು ಸಾವಿರ ವರ್ಷಗಳ ಹಿಂದಿನ ಈ ಕಥೆ ಏಕೆಂದು ನೀವು ಕೇಳಬಹುದು. ಉತ್ತರವು ನಮ್ಮ ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿದೆ. ಅಲ್ಲಿಗೆ ಆಮೇಲೆ ಬರೋಣ.

ರಾಜನನ್ನು ಓಡಿಸಿದ ರೋಮನರು ಕಾನ್ಸಲ್ ಎಂಬ ಇಬ್ಬರು ಅಧಿಕಾರಿಗಳನ್ನು ಒಂದೇ ವರ್ಷದ ಅವಧಿಗೆ ಆರಿಸುತ್ತಿದ್ದರು. ಒಬ್ಬನ ಆಜ್ಞೆಯನ್ನು ಇನ್ನೊಬ್ಬನು ತಡೆಯಬಹುದಾಗಿತ್ತು. ವಿಪತ್ತಿನ ಕಾಲದಲ್ಲಿ ಒಬ್ಬನಿಗೇ ಸರ್ವಾಧಿಕಾರ ಕೊಡುವ ಪದ್ಧತಿಯೂ ಇತ್ತು. ಅದರ ಮಿತಿ ಆರು ತಿಂಗಳು. ಕ್ರಿ.ಪೂ. 82ರಲ್ಲಿ ಸುಲ್ಲಾ ಈ ಮಿತಿಯನ್ನು ಮುರಿದನು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಜೀವಾವಧಿ ಸರ್ವಾಧಿಕಾರಿಯಾದನು. ಅದೇ ವರ್ಷ ಮಾರ್ಚ್ 15ರಂದು ಸೆನೆಟಿನ ಸದಸ್ಯರೇ ಆತನನ್ನು ಇರಿದು ಕೊಂದರು. ಗಣರಾಜ್ಯವನ್ನು ಉಳಿಸಿದೆವೆಂದು ಅವರು ಭಾವಿಸಿದರು. ಅದು ಉಳಿಯಲಿಲ್ಲ.

ಅಂತರ್ಯುದ್ಧದಲ್ಲಿ ಗೆದ್ದ ಆಗಸ್ಟಸ್ ಸೀಸರನಿಗಿಂತ ಜಾಣ. ಆತ ತನ್ನನ್ನು ರಾಜನೆಂದು ಕರೆದುಕೊಳ್ಳಲಿಲ್ಲ. ಕ್ರಿ.ಪೂ. 27ರಲ್ಲಿ ಗಣರಾಜ್ಯವನ್ನು ಮರಳಿ ಒಪ್ಪಿಸುತ್ತಿರುವುದಾಗಿ ಸಾರಿದನು. ಸೆನೆಟ್ ಸೇರುತ್ತಲೇ ಇತ್ತು, ಕಾನ್ಸಲರು ಆರಿಸಲ್ಪಡುತ್ತಲೇ ಇದ್ದರು. ಆದರೆ ಸೈನ್ಯದ ಬಹುಭಾಗ ಆತನ ಕೈಯಲ್ಲಿತ್ತು. ನಗರದ ಸುಮಾರು 2 ಲಕ್ಷ ಜನರಿಗೆ ಉಚಿತ ಧಾನ್ಯ ಸಿಗುತ್ತಿತ್ತು. ರಕ್ತಪಾತದಿಂದ ಬೇಸತ್ತಿದ್ದ ಜನರಿಗೆ ಶಾಂತಿಯೇ ದೊಡ್ಡ ವರವಾಗಿತ್ತು. ಕ್ರಿ.ಶ. 14ರಲ್ಲಿ ಟೈಬೀರಿಯಸನ ಕಾಲಕ್ಕೆ ಅಧಿಕಾರಿಗಳ ಆಯ್ಕೆಯು ಜನಸಭೆಯಿಂದ ಸೆನೆಟಿಗೆ ಹೋಯಿತು. ಜನರು ಒಂದಿಷ್ಟು ಗೊಣಗಿ ಸುಮ್ಮನಾದರೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ನನ್ನನ್ನು ಹೆಚ್ಚು ಕಾಡುವುದು ಸೀಸರನ ಕೊಲೆಯಲ್ಲ, ಈ ಗೊಣಗಾಟ.

ಖಿಲಾಫತ್ ರಾಜಸತ್ತೆಯಾದ ಅಧ್ಯಾಯವನ್ನು ಮದ್ರಸಾದಲ್ಲಿ ಓದಿದವರಿಗೆ ಇದು ಅಪರಿಚಿತವಲ್ಲ. ಅಲ್ಲಿಯೂ ಖಲೀಫ ಎಂಬ ಹೆಸರು ಉಳಿಯಿತು, ಸಮಾಲೋಚನೆಯಿಂದ ಆರಿಸುವ ಕ್ರಮ ಹೋಯಿತು.

ಈಗ ನಮ್ಮ ಸಭಾಂಗಣಕ್ಕೆ ಬರೋಣ. ಬೋರ್‌ವೆಲ್‌ಗಳನ್ನು ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಪಂಚಾಯತ್ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. 1993ರ 73ನೇ ತಿದ್ದುಪಡಿಯ ಬಳಿಕ, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನವೇ ವಿಧಿಸಿತು. ಆದರೂ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, 2024 ಕಳೆಯುವವರೆಗೂ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆ ಎಂದರು, ಮೀಸಲಾತಿ ಪಟ್ಟಿ ಎಂದರು. 2023ರಲ್ಲಿ ಸರಕಾರ ಬದಲಾಯಿತು, ಕಾರಣಗಳು ಬದಲಾಗಲಿಲ್ಲ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಸಹೋದರರು ಗಮನಿಸಿ: ನಿಮ್ಮ ತಾಲ್ಲೂಕು ರಚನೆಯಾದಂದಿನಿಂದ ಆ ವರ್ಷದ ಕೊನೆಯವರೆಗೆ ತಾಲ್ಲೂಕು ಪಂಚಾಯಿತಿಗೆ ನೀವು ಒಮ್ಮೆಯೂ ಮತ ಹಾಕಲಿಲ್ಲ.

ಆಡಳಿತಾಧಿಕಾರಿಯು ಚಕ್ರವರ್ತಿಯಲ್ಲ, ಒಪ್ಪುತ್ತೇನೆ. ಅನೇಕರು ಪ್ರಾಮಾಣಿಕರು. "ಕೆಲಸ ಆಗುತ್ತಿದೆಯಲ್ಲ, ಸದಸ್ಯರಿದ್ದಾಗ ಬರೀ ಜಗಳ" ಎನ್ನುವವರನ್ನೂ ಕಂಡಿದ್ದೇನೆ. ಆಗಸ್ಟಸನ ಆಳ್ವಿಕೆಯಲ್ಲೂ ಕೆಲಸ ಆಗುತ್ತಿತ್ತು. ಆದರೆ ಜಗಳೂರಿನ ಹಳ್ಳಿಯೊಂದರಲ್ಲಿ ನಲ್ಲಿ ಒಣಗಿದರೆ ಆ ತಾಯಿ ಯಾರ ಮನೆಯ ಬಾಗಿಲು ತಟ್ಟಬೇಕು? ಅಧಿಕಾರಿ ಉತ್ತರಿಸುವುದು ತನ್ನ ಮೇಲಿನವರಿಗೆ, ಸದಸ್ಯೆ ಉತ್ತರಿಸಬೇಕಾದದ್ದು ತನ್ನ ಓಣಿಗೆ. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಚುನಾವಣೆ ನಡೆಯದಿದ್ದರೆ ಆ ಮೀಸಲಾತಿ ಕಾಗದದಲ್ಲಷ್ಟೇ.

ನಮ್ಮ ಮೊಹಲ್ಲಾಗಳ ಕಮಿಟಿಗಳಲ್ಲಿ ಕೊನೆಯ ಸಾಮಾನ್ಯ ಸಭೆ ಯಾವಾಗ ನಡೆಯಿತು? ಈ ಪ್ರಶ್ನೆಗೆ ಇಲ್ಲಿ ಕೆಲವರು ನಗುತ್ತಿದ್ದೀರಿ, ನಾನೂ ನಗುತ್ತಿದ್ದೇನೆ.

ಸದ್ಯಕ್ಕೆ ನನ್ನ ವಿನಂತಿ ಚಿಕ್ಕದು. ಮುಂದಿನ ಗ್ರಾಮಸಭೆಗೆ ಗಂಡಸರು ಹೆಂಗಸರು ಇಬ್ಬರೂ ಹೋಗಿ. ಐದು ವರ್ಷಕ್ಕೊಮ್ಮೆ ಎಲ್ಲ ಹಂತದ ಪಂಚಾಯಿತಿಗೂ ತಪ್ಪದೆ ಚುನಾವಣೆ ನಡೆಯಬೇಕೆಂಬ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಪಡೆದುಕೊಂಡು ಬನ್ನಿ.