ಅಂತಿಮ ಪಂದ್ಯಗಳಿಗೆ ಎಷ್ಟು ತಂಡಗಳು?

(ಕ್ರೀಡಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಆಟದ ವಿಷಯದಲ್ಲಿ ವಕೀಲನಿಗೇನು ಕೆಲಸವೆಂದು ತಾವು ಕೇಳಬಹುದು. ನಿಯಮಕ್ಕೆ ಸ್ವಸಂತೋಷದಿಂದ ತಲೆಬಾಗುವುದನ್ನು ಮನುಷ್ಯನು ಮೊದಲು ಕಲಿಯುವುದು ಆಟದ ಬಯಲಿನಲ್ಲಿ. ಅಲ್ಲಿಯ ನಿಯಮವೇ ನ್ಯಾಯವಾಗಿಲ್ಲದಿದ್ದರೆ ಗೆದ್ದವನ ಗೆಲುವಿಗೆ ಮಾನವಿಲ್ಲ. ಸೋತವನ ಮನಸ್ಸಿಗೆ ಸಮಾಧಾನವಿಲ್ಲ.

ಹಲವು ತಂಡಗಳು ತಿಂಗಳುಗಟ್ಟಲೆ ಸೆಣಸಿದ ತರುವಾಯ ಅವುಗಳಲ್ಲಿ ಎಷ್ಟಕ್ಕೆ ಅಂತಿಮ ಪಂದ್ಯಗಳ ಬಾಗಿಲನ್ನು ತೆರೆಯಬೇಕು? ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಮಿಕ್ಕಿ ಚರ್ಚಿಸುತ್ತ ಬಂದವರು ಆಸ್ಟ್ರೇಲಿಯದವರು. ಅವರ ಫುಟ್‌ಬಾಲು ನಾವು ಕಂಡ ಫುಟ್‌ಬಾಲಲ್ಲ. ಬಯಲೂ ಚೆಂಡೂ ಅಂಡಾಕಾರದವು, ಪಕ್ಷಕ್ಕೆ 18 ಮಂದಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದಕ್ಕೂ ಅನುಮತಿಯುಂಟು. 1897ರಲ್ಲಿ ವಿಕ್ಟೋರಿಯ ಪ್ರಾಂತದ 8 ಸಂಘಗಳಿಂದ ಆರಂಭವಾದ ಈ ಲೀಗು 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ತಳೆಯಿತು. 2012ರಿಂದ ಅದರಲ್ಲಿ 18 ತಂಡಗಳು.

ಅಂತಿಮ ಪಂದ್ಯಗಳ ಬಾಗಿಲು ಹೇಗೆ ಅಗಲವಾಯಿತೆಂಬುದನ್ನು ನೋಡಿರಿ. 1931ರಲ್ಲಿ 12 ತಂಡಗಳಿಗೆ 4 ಸ್ಥಾನ, ಎಂದರೆ ಮೂರರಲ್ಲೊಂದು. 1972ರಲ್ಲಿ 5, 1991ರಲ್ಲಿ 6, 1994ರಲ್ಲಿ 8. ಆ 1994ರಲ್ಲಿ ತಂಡಗಳಿದ್ದುದು 15 ಮಾತ್ರ! 2026ರಿಂದ 10 ತಂಡಗಳಿಗೆ ಅವಕಾಶವೆಂದು ಲೀಗಿನವರು 2025ರಲ್ಲಿ ಪ್ರಕಟಿಸಿದರು. 7ನೆಯದು 10ನೆಯದರೊಡನೆಯೂ 8ನೆಯದು 9ನೆಯದರೊಡನೆಯೂ ಆಡಿ, ಗೆದ್ದ ಎರಡು ಮಾತ್ರ ಎಂಟರ ಪಂಕ್ತಿಯಲ್ಲಿ ಕೂಡತಕ್ಕದ್ದೆಂಬುದು ಅದರ ಕ್ರಮ.

ಎಣಿಕೆಗಿಂತಲೂ ಮುಖ್ಯವಾದುದೊಂದುಂಟು, ಒಳಗೆ ಬಂದವರೆಲ್ಲರಿಗೂ ಸಮಾನವಾದ ಹಕ್ಕೆ, ಅಥವಾ ದುಡಿಮೆಗೆ ತಕ್ಕ ಹಕ್ಕೆ? 1931ರಲ್ಲಿ ಬಳಕೆಗೆ ಬಂದ ಪೇಜ್-ಮ್ಯಾಕಿಂಟೈರ್ ಪದ್ಧತಿಯು ಇದಕ್ಕೆ ಉತ್ತರ ಕೊಟ್ಟಿತು. ಅದರಲ್ಲಿ ಹೆಸರುಳ್ಳ ಕೆನೆತ್ ಮ್ಯಾಕಿಂಟೈರ್ ವಕೀಲರಾಗಿದ್ದವರು. ಆ ಪದ್ಧತಿಯಲ್ಲಿ ಅಪೀಲಿನ ತತ್ವವೇ ಅಡಗಿದೆ. ಮೊದಲೆರಡು ಸ್ಥಾನದವರು ತಮ್ಮೊಳಗೆ ಆಡಿ, ಗೆದ್ದವರು ನೇರವಾಗಿ ಕೊನೆಯ ಪಂದ್ಯಕ್ಕೆ ಹೋಗುವರು. ಸೋತವರಿಗೆ ಇನ್ನೊಂದು ಅವಕಾಶ. ಮೂರು ನಾಲ್ಕನೆಯವರಲ್ಲಿ ಸೋತವರಿಗೆ ಅಪೀಲಿಲ್ಲ. ಇದು ನಮಗೆ ಅಪರಿಚಿತವಲ್ಲ. 2011ರಿಂದ ಇಂಡಿಯನ್ ಪ್ರೀಮಿಯರ್ ಲೀಗಿನ ಕ್ರಿಕೆಟ್ಟಿನಲ್ಲಿ ನಡೆಯುತ್ತಿರುವುದು ಇದೇ. 2025ರಲ್ಲಿ ಪಂಕ್ತಿಯ ಮೊದಲಿಗರಾದ ಪಂಜಾಬದವರು ಬೆಂಗಳೂರಿನವರಿಗೆ ಸೋತರೂ ಹೊರಬೀಳಲಿಲ್ಲ. ಮುಂಬಯಿಯವರನ್ನು ಗೆದ್ದು ಮರಳಿ ಬಂದರು. ಕೊನೆಯ ಪಂದ್ಯದಲ್ಲಿ ಬೆಂಗಳೂರು ಪುನಃ ಗೆದ್ದಾಗ ಆ ಗೆಲುವನ್ನು ಅದೃಷ್ಟವೆನ್ನುವಂತಿರಲಿಲ್ಲ.

ಹಾಗಾದರೆ ನಾಲ್ಕೇ ಸಾಲದೆ? ಸಾಲದು. 2023ರಿಂದ ಆಸ್ಟ್ರೇಲಿಯದ ಪ್ರತಿ ತಂಡಕ್ಕೂ 23 ಪಂದ್ಯಗಳು, ಎದುರಾಳಿಗಳು 17. ಆದುದರಿಂದ ಆರು ಎದುರಾಳಿಗಳನ್ನು ಮಾತ್ರ ಎರಡು ಸಲ ಎದುರಿಸಬೇಕು. ಆ ಆರು ಒಬ್ಬರಿಗೆ ಪ್ರಬಲವಾಗಿ, ಇನ್ನೊಬ್ಬರಿಗೆ ದುರ್ಬಲವಾಗಿ ಒದಗಬಹುದು. ಅಳತೆಗೋಲೇ ತುಸು ಡೊಂಕಾಗಿರುವಾಗ ಕೂದಲೆಳೆಯ ಅಂತರಕ್ಕೆ ಬಾಗಿಲು ಮುಚ್ಚುವುದು ಸಲ್ಲದು.

2016ರ ನಿದರ್ಶನವನ್ನು ನೋಡಿರಿ. ಮೊದಲನೆಯ ಸ್ಥಾನದ ಸಿಡ್ನಿ ಗೆದ್ದ ಪಂದ್ಯಗಳು 17. ಏಳನೆಯ ಸ್ಥಾನದ ವೆಸ್ಟರ್ನ್ ಬುಲ್‌ಡಾಗ್ಸ್ ಗೆದ್ದವು 15. ಅಂತರ ಎರಡೇ! ಆ ಏಳನೆಯವರು ನಾಲ್ಕು ಪಂದ್ಯಗಳನ್ನು ಒಂದರ ಮೇಲೊಂದು ಗೆದ್ದು, ಕೊನೆಗೆ ಸಿಡ್ನಿಯನ್ನೇ ಸೋಲಿಸಿ, 1954ರ ತರುವಾಯ ಮೊದಲ ಸಲ ಪ್ರಶಸ್ತಿಯನ್ನು ಪಡೆದರು. ನಾಲ್ಕೇ ಸ್ಥಾನವಿದ್ದಿದ್ದರೆ ಈ ಪರಾಕ್ರಮಕ್ಕೆ ಎಡೆಯಿರುತ್ತಿರಲಿಲ್ಲ.

ಆದರೆ ಅದೇ ವರ್ಷದ ಹತ್ತನೆಯವರನ್ನೂ ನೋಡಬೇಕಷ್ಟೆ. ಪೋರ್ಟ್ ಅಡಿಲೇಡ್ ಗೆದ್ದುದು 10, ಸೋತುದು 12. ಹೊಸ ನಿಯಮವು ಆಗ ಇದ್ದಿದ್ದರೆ, 15 ಗೆದ್ದವರು 10 ಗೆದ್ದವರೆದುರಿಗೆ ನಿಂತು ತಮ್ಮ ಸ್ಥಾನವನ್ನು ಮತ್ತೊಮ್ಮೆ ಸಂಪಾದಿಸಬೇಕಾಗುತ್ತಿತ್ತು. ಒಂದು ಮಧ್ಯಾಹ್ನದ ಎಡವು ಇಡೀ ವರ್ಷದ ಬೆವರನ್ನು ಅಳಿಸಬಹುದಾಗಿತ್ತು. ದುಡಿದು ಗಳಿಸಿದವನ ಆಸ್ತಿಗೆ ಗಳಿಸದವನನ್ನು ಪಾಲುದಾರನನ್ನಾಗಿ ಮಾಡುವುದು ಔದಾರ್ಯವಲ್ಲ.

ಪ್ರತಿವಾದಿಗಳ ಮಾತಿಗೂ ಬೆಲೆಯುಂಟು. ಬಾಗಿಲು ಅಗಲವಾದಷ್ಟೂ ಕೆಳಗಿನವರಿಗೆ ಕೊನೆಯ ವಾರದವರೆಗೆ ಆಸೆ ಉಳಿಯುವುದು. ಪ್ರೇಕ್ಷಕರೂ ಹಣವೂ ಹೆಚ್ಚುವುದು. 2016ರಲ್ಲಿಯೇ 9ನೆಯವರಾದ ಸೇಂಟ್ ಕಿಲ್ಡದವರೂ 8ನೆಯವರೂ 12 ಪಂದ್ಯಗಳನ್ನೇ ಗೆದ್ದಿದ್ದರು. ಅವರ ನೋವು ನಿಜವಾದುದು. ಆದರೆ ಗೆರೆಯನ್ನು ಹತ್ತಕ್ಕೆ ಎಳೆದರೆ ಹನ್ನೊಂದನೆಯವನು ಅಳುವನು. ಎಲ್ಲರ ಕಣ್ಣೀರನ್ನೂ ಒರೆಸುವ ಗೆರೆಯೆಂಬುದು ಇಲ್ಲ. ಗೆರೆಯ ಒಳಗಿನವನ ಸ್ಥಾನಕ್ಕೆ ಬೆಲೆಯಿರಬೇಕು, ಅಷ್ಟೆ.

ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ: ಅರ್ಧಕ್ಕಿಂತ ಹೆಚ್ಚು ತಂಡಗಳು ಒಳಗೆ ಬರಕೂಡದು; ಬಂದವರಲ್ಲಿ ಮೇಲಿನವರಿಗೆ ಅಪೀಲಿನ ಹಕ್ಕಿರಬೇಕು. ಹದಿನೆಂಟಕ್ಕೆ ಎಂಟು, ಅವುಗಳಲ್ಲಿ ಮೊದಲ ನಾಲ್ಕಕ್ಕೆ ಎರಡನೆಯ ಅವಕಾಶ—2025ರವರೆಗೆ ನಡೆದ ಈ ಕ್ರಮವೇ ಯುಕ್ತವಾದುದು. 2023ರಲ್ಲಿ ಅನುಮತಿ ಪಡೆದ ತಾಸ್ಮೇನಿಯವು ಹತ್ತೊಂಬತ್ತನೆಯದಾಗಿ ಸೇರಿದರೂ ಎಂಟೇ ಸಾಕು.

ತಮ್ಮ ಶಾಲೆಗಳಲ್ಲಿ, ಊರಿನ ಸಂಘಗಳಲ್ಲಿ ಪಂದ್ಯಾವಳಿಗಳನ್ನು ಏರ್ಪಡಿಸುವವರು ತಾವೇ. ಮೊದಲನೆಯ ಚೆಂಡನ್ನು ಒದೆಯುವ ಮುನ್ನವೇ ಗೆರೆಯನ್ನು ಎಳೆಯಿರಿ. ಎಳೆದ ಮೇಲೆ ಯಾರ ಮುಖವನ್ನೂ ನೋಡಿ ಅದನ್ನು ಸರಿಸಬೇಡಿರಿ.