ಮೋಟಾರ್ ಸೈಕಲ್ಲಿನ ಮೆರುಗು



ಬೆಂಗಳೂರಿನ ಬಳೇಪೇಟೆಗೆ ಬಳೆಯ ವ್ಯಾಪಾರದಿಂದ ಆ ಹೆಸರು ಬಂದಿತೆಂಬುದು ತಮಗೆ ತಿಳಿದ ಸಂಗತಿಯೇ. ಗಿಲೀಟಿನ ಬಳೆಯನ್ನು ಕೊಳ್ಳಬಂದ ಜಾಣೆಯಾದ ಗೃಹಿಣಿ ಹೊರಮೈಯ ಹೊಳಪಿಗೆ ಮರುಳಾಗುವುದಿಲ್ಲ. ಬಳೆಯನ್ನು ಹೊರಳಿಸಿ ಒಳಮೈಯನ್ನು ನೋಡುತ್ತಾಳೆ, ಅಂಗೈಯಲ್ಲಿಟ್ಟು ತೂಕವನ್ನು ಅಂದಾಜು ಮಾಡುತ್ತಾಳೆ. ನಾನು ಈ ಹೊತ್ತು ಬಿನ್ನವಿಸಬೇಕೆಂದಿರುವ ವಿಷಯ ಬಳೆಯದಲ್ಲ. ದೂರಪ್ರಯಾಣದ ಮೋಟಾರ್ ಸೈಕಲ್ಲಿನ ಹೊಳೆಯುವ ಲೋಹಭಾಗಗಳದು. ಆದರೂ ಆ ಗೃಹಿಣಿಯ ವಿವೇಕವೇ ಇಲ್ಲಿಯೂ ನಮಗೆ ಮಾರ್ಗದರ್ಶಕವಾಗತಕ್ಕದ್ದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯ ದೇಶದ ಜಾವಾ ಕಂಪೆನಿಯ ಪರವಾನಗಿಯನ್ನು ಪಡೆದು 1961ರಲ್ಲಿ ಮೋಟಾರ್ ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿಹೋಯಿತು. ಅಲ್ಲಿ ತಯಾರಾದ ಗಾಡಿಗಳನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡು ಊರಿಂದೂರಿಗೆ ಸಂಚರಿಸುವವರು ನಮ್ಮಲ್ಲಿ ಅನೇಕರುಂಟು. ಆದರೆ ಅವುಗಳ ಮೂಲಭಾಗವೊಂದು ಕೆಟ್ಟುಹೋದರೆ ಅದೇ ಕಾರ್ಖಾನೆಯಿಂದ ಮತ್ತೊಂದು ಬರಲಾರದು. ಆದಕಾರಣ ಮೆರುಗು ಕೊಡಿಸುವ ಆತುರದಲ್ಲಿ ಇದ್ದುದನ್ನೂ ಕಳೆದುಕೊಳ್ಳದಂತೆ ಎಚ್ಚರದಿಂದಿರಬೇಕು. ಮೊದಲು ಲೋಹ ಯಾವುದೆಂದು ತಿಳಿಯಬೇಕು, ಆಮೇಲೆ ಕೈಹಚ್ಚಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಂದೇ ಗಾಡಿಯಲ್ಲಿ ಒಂದೇ ಬಗೆಯಾಗಿ ಬೆಳಗುವ ಭಾಗಗಳು ಬೇರೆ ಬೇರೆ ಲೋಹಗಳಾಗಿರಬಹುದು. ಹಳೆಯ ಜಾವಾದ ಟ್ಯಾಂಕಿನ ಪಕ್ಕಗಳನ್ನು ನೋಡಿರಿ. ಅಲ್ಲಿ ಹೊಳೆಯುವುದು ಮೇಲೆ ಜೋಡಿಸಿದ ತಗಡಲ್ಲ. ಟ್ಯಾಂಕಿನ ಉಕ್ಕಿಗೇ ಕ್ರೋಮಿಯಂ ಲೇಪ ಕೊಟ್ಟು, ಉಳಿದೆಡೆ ಬಣ್ಣ ಬಳಿದು, ನಡುವೆ ಹೊಂಬಣ್ಣದ ಗೆರೆ ಎಳೆದಿದ್ದಾರೆ. ಅದೇ ಗಾಡಿಯ ಎಂಜಿನ್ನಿನ ಪಕ್ಕದ ಮುಚ್ಚಳವಾದರೋ ಸಾಣೆ ಹಿಡಿದ ಅಲ್ಯೂಮಿನಿಯಂ ಎರಕ. ಬೇರೆ ಗಾಡಿಗಳ ಅಲಂಕಾರದ ಭಾಗಗಳಲ್ಲಿ ಸ್ಟೇನ್‌ಲೆಸ್ ಉಕ್ಕೂ, ಸತುವಿನ ಎರಕವೂ, ಲೇಪವಿರುವ ಪ್ಲಾಸ್ಟಿಕ್ಕೂ ಇರುವುದುಂಟು.

ಇವುಗಳನ್ನು ಬೇರ್ಪಡಿಸಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಭಾಗವನ್ನು ಬಿಚ್ಚಿ ಹಿಂಬದಿಯನ್ನು ನೋಡಿರಿ. ಅಲ್ಲಿ ಲೇಪ ತೆಳುವಾಗಿದ್ದು ಮೂಲಲೋಹ ಗೋಚರಿಸುವ ಸಂಭವ ಹೆಚ್ಚು. ಕೆಂಪು ತುಕ್ಕು ಕಬ್ಬಿಣದ ಗುರುತು. ಹಸುರು ಕಿಲುಬು ಹಿತ್ತಾಳೆ ಅಥವಾ ತಾಮ್ರದ ಗುರುತು. ಬಿಳಿಯ ಹುಡಿಯಾದರೆ ಅಲ್ಯೂಮಿನಿಯಂ ಇಲ್ಲವೆ ಸತು. ಇವೆರಡರಲ್ಲಿ ಕೈಗೆ ಭಾರವಾಗಿ ತೋರುವುದೇ ಸತು. ಸೂಜಿಗಲ್ಲನ್ನು ಹಿಡಿದರೆ ಉಕ್ಕು ಬಲವಾಗಿ ಸೆಳೆಯುತ್ತದೆ. ಆದರೆ ಸೂಜಿಗಲ್ಲೊಂದನ್ನೇ ನಂಬತಕ್ಕದ್ದಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕೆಲವು ಜಾತಿಗಳು ಸೂಜಿಗಲ್ಲಿಗೆ ಅಂಟುತ್ತವೆ, ಕೆಲವು ಅಂಟುವುದಿಲ್ಲ. ಅಲ್ಯೂಮಿನಿಯಮ್ಮಿಗೆ ವಿದ್ಯುತ್ತಿನಿಂದ ಗಟ್ಟಿಯಾದ ಆಕ್ಸೈಡ್ ಪೊರೆಯನ್ನು ಬರಿಸಿರುವುದೂ ಉಂಟು. ಅದನ್ನು ತಿಳಿಯಲು ಬ್ಯಾಟರಿಯೊಂದನ್ನೂ ಸಣ್ಣ ದೀಪವೊಂದನ್ನೂ ತಂತಿಗಳಿಂದ ಜೋಡಿಸಿ, ತಂತಿಯ ಎರಡು ತುದಿಗಳನ್ನು ಲೋಹದ ಮೇಲೆ ಮೆಲ್ಲನೆ ಇಟ್ಟು ನೋಡಬೇಕು. ಬರಿಯ ಲೋಹದ ಮೇಲೆ ದೀಪ ಹತ್ತುತ್ತದೆ. ಆಕ್ಸೈಡಿನ ಪೊರೆಯಾಗಲಿ ವಾರ್ನಿಷಾಗಲಿ ಇದ್ದರೆ ಹತ್ತುವುದಿಲ್ಲ.

ಇಷ್ಟು ಶ್ರಮವೇಕೆಂದು ತಾವು ಕೇಳಬಹುದು. ಜಿಡ್ಡು ತೆಗೆಯಲು ಬಳಸುವ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಉಕ್ಕು ಕ್ಷೇಮವಾಗಿರುತ್ತದೆ. ಅಲ್ಯೂಮಿನಿಯಮ್ಮಾದರೋ ನೊರೆಗೂಡಿ ಕರಗುತ್ತದೆ, ಹೊತ್ತಿಕೊಳ್ಳಬಲ್ಲ ಜಲಜನಕವೂ ಹೊರಬರುತ್ತದೆ. ಹಳೆಯ ಕ್ರೋಮಿಯಮ್ಮನ್ನು ಬಿಡಿಸುವ ಆಮ್ಲದಲ್ಲಿ ಸತುವಿನ ಎರಕವನ್ನು ಮುಳುಗಿಸಿದರೆ ಅದರ ಗತಿಯೂ ಅಷ್ಟೆ. ತಪ್ಪು ತೊಟ್ಟಿಯೊಳಗೆ ಕೆಲವು ನಿಮಿಷ ಬಿದ್ದುದು ಮತ್ತೆ ಮೊದಲಿನಂತಾಗದು.

ಇನ್ನು ಮೆರುಗಿನ ಕ್ರಮ. ಅಲಂಕಾರದ ಕ್ರೋಮಿಯಂ ಲೇಪವು ಸಾಧಾರಣವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ತುಕ್ಕನ್ನು ತಡೆಯುವ ಮುಖ್ಯ ಕಾವಲು ಅದರಡಿಯಿರುವ, ಅದಕ್ಕಿಂತ ಬಹುಪಾಲು ದಪ್ಪವಾದ ನಿಕಲ್ ಲೇಪದ್ದು. ಆದುದರಿಂದ ಕ್ರೋಮಿಯಮ್ಮಿಗೆ ಉಪ್ಪುಕಾಗದವನ್ನು ತಾಗಿಸಲೇಬಾರದು. ತುಕ್ಕಿನ ಸಣ್ಣ ಚುಕ್ಕೆಗಳಿದ್ದರೆ, ಅಡಿಗೆಮನೆಯ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆಲ್ಲನೆ ಉಜ್ಜಿದರೆ ಸಾಕು. ಲೇಪ ಎದ್ದು ಸಿಪ್ಪೆಯಾಗಿದ್ದರೆ ಮಾತ್ರ ಎಲ್ಲವನ್ನೂ ತೆಗೆಸಿ, ಸಾಣೆ ಹಿಡಿಸಿ, ಹೊಸ ಲೇಪ ಕೊಡಿಸಬೇಕು. ಲೇಪವು ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹೊಳಪೆಲ್ಲ ಸಾಣೆಯ ಕೆಲಸದಲ್ಲಿಯೇ ಅಡಗಿದೆ.

ಸಾಣೆ ಹಿಡಿದ ಅಲ್ಯೂಮಿನಿಯಮ್ಮಿಗೆ ಹಳೆಯ ವಾರ್ನಿಷನ್ನು ತೆಗೆದು, 400, 600, 1000 ಅಂಕೆಗಳ ಉಪ್ಪುಕಾಗದವನ್ನು ಕ್ರಮವಾಗಿ ನೀರು ಸೋಕಿಸುತ್ತ ಉಜ್ಜಿ, ಕಡೆಗೆ ಬಟ್ಟೆಯ ಚಕ್ರದಿಂದ ಪಾಲಿಷ್ ಮಾಡಬೇಕು. ಕೂದಲೆಳೆಯಂಥ ಗೆರೆಗಳಿರುವ ತಗಡಾದರೆ ಗೆರೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಅಡ್ಡ ಉಜ್ಜಿದರೆ ಅದರ ಅಂದವೇ ಹೋಯಿತು. ಆಕ್ಸೈಡ್ ಪೊರೆಯಿರುವುದನ್ನು ಸಾಬೂನಿನ ನೀರಿನಿಂದ ತೊಳೆದು ಬಿಡುವುದೇ ಲೇಸು.

ಟ್ಯಾಂಕಿನ ವಿಷಯದಲ್ಲಿ ಎರಡು ಮಾತು ವಿಶೇಷವಾಗಿ ಹೇಳಬೇಕು. ಪೆಟ್ರೋಲನ್ನು ಬಸಿದ ಮಾತ್ರಕ್ಕೆ ಅಪಾಯ ತಪ್ಪಿತೆಂದು ತಿಳಿಯಬಾರದು. ಬರಿದಾದ ಟ್ಯಾಂಕಿನೊಳಗೆ ನಿಂತ ಆವಿಗೆ ಒಂದು ಕಿಡಿ ಸಾಕು. ಒಳಗನ್ನು ಚೆನ್ನಾಗಿ ತೊಳೆಸಿ, ಆವಿಯನ್ನೆಲ್ಲ ಹೋಗಲಾಡಿಸಿ, ಬಾಯಿಗಳನ್ನು ಭದ್ರವಾಗಿ ಮುಚ್ಚಿದ ಮೇಲೆಯೇ ಸಾಣೆಗೂ ಲೇಪಕ್ಕೂ ಕೊಡಬೇಕು. ಲೇಪದ ಕೆಲಸವನ್ನು ಮನೆಯ ಹಿತ್ತಿಲಲ್ಲಿ ಮಾಡಹೊರಡುವುದು ಸರ್ವಥಾ ಕೂಡದು. ಆ ತೊಟ್ಟಿಗಳಲ್ಲಿ ರೂಢಿಯಾಗಿ ಬಳಸುವ ಕ್ರೋಮಿಕ್ ಆಮ್ಲದ ಆವಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗತಕ್ಕದ್ದು. ಅದರ ನೀರು ಚರಂಡಿ ಸೇರಿದರೆ ಊರಿಗೇ ವಿಷ. ಆವಿಯನ್ನು ಸೆಳೆದು ಹೊರಹಾಕುವ ಏರ್ಪಾಡೂ, ಕೊಳೆನೀರನ್ನು ಶುದ್ಧಿಮಾಡುವ ಏರ್ಪಾಡೂ ಇರುವ ಕಾರ್ಖಾನೆಯನ್ನೇ ಹುಡುಕಿರಿ. ನಮ್ಮ ಗಾಡಿಯ ಮೆರುಗಿಗಾಗಿ ಕೆಲಸಗಾರನೊಬ್ಬನ ಆಯುಷ್ಯ ಸವೆಯುವುದು ನ್ಯಾಯವಲ್ಲವಷ್ಟೆ.

ಹಳೆಯ ವಸ್ತುವಿನ ಮೇಲಿನ ಅಭಿಮಾನವು ಅದನ್ನು ಹೊಸದೆಂಬಂತೆ ಥಳಥಳಿಸುವುದರಲ್ಲಿಯೇ ಇರಬೇಕಾದುದಿಲ್ಲ. ತೊಳೆದರೆ ಸಾಲುವುದನ್ನು ಉಜ್ಜದೆ, ಉಜ್ಜಿದರೆ ಸಾಲುವುದನ್ನು ಆಮ್ಲಕ್ಕೆ ಕೊಡದೆ, ಮೂಲಲೋಹವನ್ನು ಆದಷ್ಟು ಉಳಿಸಿಕೊಂಡವನೇ ಜಾಣನೆಂದು ನನ್ನ ಅಭಿಪ್ರಾಯ.