ಬೆಂಗಳೂರಿನ ರನ್‌ವೇ ತುಂಬಿದರೆ ಹೊಸೂರಿನ ಹೊಲಕ್ಕೇನು?

(ಹೊಸೂರು ಕಡೆಯ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ಏರ್‌ಪೋರ್ಟ್ ಬಗ್ಗೆ ಮಾತಾಡು ಅಂದಿದ್ದೀರಿ. ನಾನು ಇಂಜಿನಿಯರ್ ಅಲ್ಲ, ಬ್ಯಾಂಕಿನ ಗುಮಾಸ್ತ. ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದ ಕಡೆಯಿಂದಲೇ ಹೇಳ್ತೀನಿ. ಬಾಗಲೂರು, ಬೇರಿಕೆ, ಶೂಳಗಿರಿ ಕಡೆ ಯಾವ ಟೀ ಅಂಗಡಿಗೆ ಹೋದರೂ ಒಂದೇ ಪ್ರಶ್ನೆ: ಎಕರೆಗೆ ಎಷ್ಟು? ಅದಕ್ಕೆ ಮೊದಲು ಏರ್‌ಪೋರ್ಟ್ ಯಾಕೆ ಬೇಕು, ಯಾವಾಗ ಬರಬಹುದು ಅನ್ನೋದು ತಿಳಿದಿರಬೇಕು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ದೇವನಹಳ್ಳಿ ಹತ್ತಿರ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಆಗ ಇದ್ದದ್ದು ಒಂದು ರನ್‌ವೇ, ಒಂದು ಟರ್ಮಿನಲ್. 2013ರಲ್ಲಿ ಆ ಟರ್ಮಿನಲ್ ದೊಡ್ಡದು ಮಾಡಿದರು. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು. 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆ ಆಯ್ತು, ಅದರ ಮೊದಲ ಹಂತವೇ ವರ್ಷಕ್ಕೆ 2.5 ಕೋಟಿ ಜನಕ್ಕೆ. ಇಷ್ಟೆಲ್ಲ ಆದಮೇಲೂ 2024-25ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು.

ಹಾಗಾದರೆ ಇನ್ನೊಂದು ಟರ್ಮಿನಲ್ ಕಟ್ಟಿದರೆ ಸಾಲದೇ? ನಮ್ಮ ಬ್ಯಾಂಕಿನ ಲೆಕ್ಕ ನೋಡಿ. ಪಿಂಚಣಿ ಬರುವ ದಿನ ಕೌಂಟರ್ ನಾಲ್ಕು ಹಾಕಬಹುದು. ಆದರೆ ದುಡ್ಡು ಕೊಡುವ ಕ್ಯಾಷಿಯರ್ ಒಬ್ಬರೇ ಇದ್ದರೆ ಸಾಲು ಅಲ್ಲೇ ನಿಲ್ಲುತ್ತೆ. ಟರ್ಮಿನಲ್ ಅಂದರೆ ಕೌಂಟರ್. ಅಲ್ಲಿ ತಪಾಸಣೆ, ಲಗೇಜು, ಇಮಿಗ್ರೇಷನ್ ಎಲ್ಲ ಹೆಚ್ಚಿಸಬಹುದು. ರನ್‌ವೇ ಅಂದರೆ ಆ ಕ್ಯಾಷಿಯರ್. ಒಂದು ವಿಮಾನ ಇಳಿದು ಪಕ್ಕಕ್ಕೆ ಸರಿಯುವ ತನಕ ಇನ್ನೊಂದು ಇಳಿಯುವ ಹಾಗಿಲ್ಲ. ದೊಡ್ಡ ವಿಮಾನದ ಹಿಂದೆ ಗಾಳಿ ಸುಳಿಯಾಡುತ್ತೆ, ಅದು ಅಡಗುವ ತನಕ ಸಣ್ಣ ವಿಮಾನ ದೂರ ಕಾಯಬೇಕು. ಮುಂಬೈಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ, ಅದಕ್ಕೇ ಎರಡನ್ನೂ ಒಟ್ಟಿಗೆ ಬಳಸೋಕಾಗಲ್ಲ. ಬೆಂಗಳೂರಿನವು ಅಕ್ಕಪಕ್ಕ ಸಮಾನಾಂತರ ಇವೆ, ಒಂದೊಂದೂ 4 ಕಿಲೋಮೀಟರ್. ಅಷ್ಟು ಉದ್ದದ ಮೂರನೆಯದಕ್ಕೆ ಜಾಗ ಎಲ್ಲಿ? ನಿಲ್ದಾಣದ ಒಟ್ಟು ಜಾಗ ಸುಮಾರು 4,000 ಎಕರೆ, ಸುತ್ತಲೂ ಊರು ಬೆಳೆದಿದೆ. ಅದಕ್ಕೇ ಕರ್ನಾಟಕ ಸರ್ಕಾರ ಕನಕಪುರ ರಸ್ತೆ, ನೆಲಮಂಗಲ-ಕುಣಿಗಲ್ ರಸ್ತೆ ಕಡೆ ಎರಡನೇ ನಿಲ್ದಾಣಕ್ಕೆ ಜಾಗ ನೋಡಿತು.

ಇದೇ ಹೊತ್ತಿಗೆ, 2024ರ ಜೂನ್‌ನಲ್ಲಿ, ತಮಿಳುನಾಡು ಸರ್ಕಾರ ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ನಿಲ್ದಾಣ ಮಾಡ್ತೀವಿ ಅಂತ ವಿಧಾನಸಭೆಯಲ್ಲಿ ಘೋಷಿಸಿತು. ಕಾರ್ಖಾನೆಗಳು ಇಲ್ಲಿವೆ, ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲಿದೆ. ಇಲ್ಲಿಂದ ದೇವನಹಳ್ಳಿಗೆ ಹೋಗಬೇಕಾದರೆ ಇಡೀ ಬೆಂಗಳೂರು ದಾಟಬೇಕು. ಬೇಡಿಕೆ ಇರೋದು ನಿಜವೇ.

ಆದರೆ ಯಾವಾಗ? ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ ಒಂದು ಷರತ್ತು ಇದೆ. ಶುರುವಾಗಿ 25 ವರ್ಷ ಆಗುವ ತನಕ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ ಬರುವ ಹಾಗಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. 2008ಕ್ಕೆ 25 ಕೂಡಿಸಿ, 2033. ಅದರ ಜೊತೆಗೆ ಕೇಂದ್ರದಿಂದ ಮೊದಲು ಸ್ಥಳದ ಅನುಮತಿ, ಆಮೇಲೆ ತಾತ್ವಿಕ ಒಪ್ಪಿಗೆ ಬೇಕು. ಎಚ್‌ಎಎಲ್, ಯಲಹಂಕ ವಾಯುನೆಲೆ ಎಲ್ಲ ಹತ್ತಿರವೇ ಇರೋದರಿಂದ ಆಕಾಶದ ದಾರಿಗೂ ರಕ್ಷಣಾ ಇಲಾಖೆ ಒಪ್ಪಬೇಕು. ಹಾಗಾಗಿ "ಮುಂದಿನ ವರ್ಷ ವಿಮಾನ ಹಾರುತ್ತೆ, ಇವತ್ತೇ ಅಡ್ವಾನ್ಸ್ ತಗೊಳ್ಳಿ" ಅನ್ನೋ ಬ್ರೋಕರ್ ಮಾತು ಕೇಳಿ ಯಾರೂ ಸಹಿ ಹಾಕಬೇಡಿ.

ಇನ್ನು ನಮ್ಮ ಕೈಯಲ್ಲಿರೋ ಕೆಲಸ ಮೂರು.

ಒಂದು, ಕ್ರಯಪತ್ರದಲ್ಲಿ ನಿಜವಾದ ಬೆಲೆ ಬರೆಸಿ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪರಿಹಾರ ಲೆಕ್ಕ ಹಾಕುವಾಗ ಹಿಂದಿನ 3 ವರ್ಷ ಸುತ್ತಮುತ್ತ ರಿಜಿಸ್ಟರ್ ಆದ ಪತ್ರಗಳನ್ನು ನೋಡ್ತಾರೆ. ಹೆಚ್ಚು ಬೆಲೆಯ ಅರ್ಧ ಪತ್ರಗಳ ಸರಾಸರಿ ತೆಗೀತಾರೆ. ಗೈಡ್‌ಲೈನ್ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಹಿಡೀತಾರೆ. ಹಳ್ಳಿ ಜಮೀನಾದರೆ 1ರಿಂದ 2ರ ಒಳಗಿನ ಸಂಖ್ಯೆಯಿಂದ ಗುಣಿಸಿ, ಅದರ ಮೇಲೆ ಅಷ್ಟೇ ಮೊತ್ತ ಮತ್ತೆ ಸೇರಿಸ್ತಾರೆ. ಉದಾಹರಣೆಗೆ, 40 ಲಕ್ಷಕ್ಕೆ ಮಾರಿ ಪತ್ರದಲ್ಲಿ 15 ಲಕ್ಷ ಬರೆಸಿದರು ಅನ್ನಿ. ಮುದ್ರಾಂಕದ ದುಡ್ಡು ಉಳೀತು, ನಿಜ. ಆದರೆ ಊರಲ್ಲಿ ಎಲ್ಲರೂ ಹಾಗೇ ಮಾಡಿದರೆ ನಾಳೆ ಪಕ್ಕದ ಹೊಲದವನಿಗೆ ಎಕರೆಗೆ ಕಡಿಮೆ ಅಂದರೂ 50 ಲಕ್ಷ ಖೋತಾ.

ಎರಡು, ಹೆಸರು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ನಮ್ಮ ಗಂಗಪ್ಪ ಪಟ್ಟಾದಿಂದ ಇಂಗ್ಲಿಷಿಗೆ ಹೋಗುವಾಗ ಕಂಗಪ್ಪ ಆಗ್ತಾನೆ, ಬಸಪ್ಪ ಪಸಪ್ಪ ಆಗ್ತಾನೆ. ಆಧಾರ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಒಂದು, ಪಟ್ಟಾದಲ್ಲಿ ಇನ್ನೊಂದು. ಸಾವಿರ ರೂಪಾಯಿ ಪಿಂಚಣಿಯಲ್ಲೇ ಇದು ತಕರಾರು. ಅರ್ಧ ಕೋಟಿ ಪರಿಹಾರ ಬಂದಾಗ ಏನಾಗುತ್ತೆ, ನೀವೇ ಯೋಚಿಸಿ. ಪಟ್ಟಾ ಇನ್ನೂ ತಾತನ ಹೆಸರಲ್ಲೇ ಇದ್ದರೆ ವಾರಸು ಪತ್ರ ಮಾಡಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಸೇರಿಸಿ.

ಮೂರು, ನೋಟೀಸು. ಚೆನ್ನೈ ಹತ್ತಿರ ಪರಂದೂರಿನ ವಿಮಾನ ನಿಲ್ದಾಣಕ್ಕೆ ಜಮೀನು ತಗೊಳ್ತಿರೋದು ತಮಿಳುನಾಡಿನದೇ 1997ರ ಕೈಗಾರಿಕಾ ಭೂಸ್ವಾಧೀನ ಕಾಯ್ದೆಯ ಕೆಳಗೆ. ಪರಿಹಾರ 2013ರ ಲೆಕ್ಕದ್ದೇ, ಆದರೆ ಆ ಕೇಂದ್ರ ಕಾಯ್ದೆಯಲ್ಲಿರುವ ಸಾಮಾಜಿಕ ಪರಿಣಾಮದ ಅಧ್ಯಯನ ಇದರಲ್ಲಿಲ್ಲ. ಅಂದರೆ ನಮ್ಮ ಮಾತು ದಾಖಲಾಗೋದು ನೋಟೀಸಿಗೆ ಬರೆದುಕೊಟ್ಟ ಆಕ್ಷೇಪಣೆಯಲ್ಲೇ. ನೋಟೀಸು ತಮಿಳಿನಲ್ಲಿ ಬರುತ್ತೆ. ಓದೋಕೆ ಬರಲ್ಲ ಅಂತ ಸೂರಿಗೆ ಸಿಕ್ಕಿಸಿ ಇಟ್ಟರೆ ಗಡುವು ಕಾಯಲ್ಲ. ನಮ್ಮ ಹುಡುಗರು ಶಾಲೆಯಲ್ಲಿ ತಮಿಳು ಕಲಿತಿದ್ದಾರೆ. ಊರಿಗಿಬ್ಬರು ಮುಂದೆ ಬಂದು, ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ, ಉತ್ತರ ಬರೆದುಕೊಟ್ಟರೆ ಸಾಕು.

ಜಮೀನು ಕೊಡಿ ಅಂತಲೂ, ಕೊಡಬೇಡಿ ಅಂತಲೂ ನಾನು ಹೇಳಲ್ಲ. ಅದು ನಿಮ್ಮ ಮನೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ. ಬರೋ ಭಾನುವಾರ ಪಟ್ಟಾ, ಆಧಾರ್, ಪಾಸ್‌ಬುಕ್ ಮೂರೂ ತಗೊಂಡು ಇಲ್ಲಿಗೇ ಬನ್ನಿ. ಹೆಸರು ಎಲ್ಲೆಲ್ಲಿ ತಪ್ಪಿದೆ ನೋಡಿ, ಯಾವ ಅರ್ಜಿ ಎಲ್ಲಿ ಕೊಡಬೇಕು ಅಂತ ಒಟ್ಟಿಗೆ ಕೂತು ಬರೆಯೋಣ.